ಹೊಸ್ತಿಲಾಚೆಯ ಹೆಸರು

ನನ್ನ ಅಣ್ಣನ ಮಗ ಕಿವುಡನಲ್ಲ. ಅವನನ್ನು ಕಿವುಡನೆಂದು ಅನುಮಾನಿಸಿ, ಅವನ ತಾಯಿಯ ಊಟ ನಿದ್ದೆಗಳನ್ನು ಕಿತ್ತುಕೊಂಡು, ಮಂಡ್ಯದ ವೈದ್ಯರೊಬ್ಬರ ಮೇಜಿನ ಮೇಲೆ ಅವನನ್ನು ಕೂರಿಸುವ ಸ್ಥಿತಿ ತಂದವರು ನಮ್ಮ ಮನೆಯ ಹಿರಿಯರು. ಮೊದಲನೆಯ ಹೊಣೆ ನನ್ನ ದೊಡ್ಡಪ್ಪನವರದು, ಎರಡನೆಯದು ಅಪ್ಪನದು, ಇವರಿಬ್ಬರ ಮಾತಿಗೆ ತಲೆಯಾಡಿಸಿ ಸುಮ್ಮನಾದ ಅಣ್ಣನೂ ಹೊಣೆಯಿಂದ ನುಣುಚಿಕೊಳ್ಳಲಾರ. ಈ ಆಪಾದನೆಯನ್ನು ನಾನು ನಡುಮನೆಯಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿಯಾಯಿತು. ಅವರು ನಕ್ಕರು. ದೊಡ್ಡಪ್ಪ, "ಮೈಸೂರಲ್ ಓದ್ಸಿದ್ದು ಮೇಷ್ಟ್ರಾಗ್ಲಿ ಅಂತ ಕಣವ್ವ, ಲಾಯರ್ ಆಗ್ಬುಟ್ಯಲ್ಲ" ಎಂದರು. ಮಾತಿಗೆ ನಗುವವರಿಗೆ ಬರಹದಲ್ಲಿ ಹೇಳಬೇಕಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮಗುವಿನ ಹೆಸರನ್ನು ಮಾತ್ರ ಈ ಬರಹದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಹೆತ್ತವಳು ಮನೆಯೊಳಗೆ ಬಾಯಿತುಂಬ ಕರೆಯಲಾಗದ ಹೆಸರನ್ನು ನಾನು ಕಾಗದದ ಮೇಲೆ ಧಾರಾಳವಾಗಿ ಬರೆದರೆ ಅದು ನ್ಯಾಯವಾಗುವುದಿಲ್ಲ.

ಇಷ್ಟು ಓದಿದವರು ನಮ್ಮದು ಕಣ್ಣೀರಿನ ಮನೆಯೆಂದು ತಿಳಿಯಬಾರದು. ಈ ಕೆಲವು ತಿಂಗಳು ನಮ್ಮ ಮನೆಯಲ್ಲಿ ಬೆಲ್ಲದ ಪಾಕದ ವಾಸನೆ ಆರಿದ್ದೇ ಇಲ್ಲ. ಮಗು ಹುಟ್ಟಿತು, ತೊಟ್ಟಿಲು ಕಟ್ಟಿದೆವು, ದೀಪಾವಳಿ ಬಂತು, ಸಂಕ್ರಾಂತಿ ಬಂತು, ದೊಡ್ಡಪ್ಪನ ಕಿರಿಯ ಮಗನ ಮದುವೆಯಾಯಿತು. ನಮ್ಮ ಮನೆ ಇರುವುದು ಮಳವಳ್ಳಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಖಾಸಗಿ ಬಸ್ಸಿನ ಕಂಡಕ್ಟರುಗಳು "ಮದ್ದೂರ್ ಮಂಡ್ಯ, ಮದ್ದೂರ್ ಮಂಡ್ಯ" ಎಂದು ಗಂಟಲು ಹರಿಯುವಂತೆ ಕೂಗುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತದೆ. ಅಪ್ಪ ಇಲ್ಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ದೊಡ್ಡಪ್ಪ ಶಿವನಸಮುದ್ರದ ದಾರಿಯಲ್ಲಿರುವ ನಮ್ಮ ಹಳ್ಳಿಯಲ್ಲಿ ಗದ್ದೆ, ಕಬ್ಬು ನೋಡಿಕೊಂಡಿದ್ದಾರೆ. ಅಣ್ಣ ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿಯೇ ಕೋಣೆ ಮಾಡಿಕೊಂಡು ಭಾನುವಾರ ಭಾನುವಾರ ಬರುತ್ತಾನೆ. ಅಜ್ಜಿ, ಅಮ್ಮ, ಅತ್ತಿಗೆ, ಮತ್ತು ಎಂ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ನಾನು ಮನೆಯಲ್ಲಿರುವವರು. ಅಜ್ಜ ತೀರಿಕೊಂಡಿದ್ದಾರೆ. ಆದರೆ ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡುವವರು ಅವರೇ.

ಗೌರಿಹಬ್ಬ ಕಳೆದ ಮೇಲೆ ಮದ್ದೂರಿನಲ್ಲಿ, ಅತ್ತಿಗೆಯ ತವರಿನಲ್ಲಿ, ಮಗುವಿಗೆ ಹೆಸರಿಡುವ ಶಾಸ್ತ್ರ ಗೊತ್ತಾಯಿತು. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ನಮ್ಮ ಮನೆತನದಲ್ಲಿ ಸೋದರತ್ತೆಯದು, ಅಂದರೆ ನನ್ನದು. ನಾನು ವಿಶ್ವವಿದ್ಯಾನಿಲಯದ ಕೆಲಸದ ಮೇಲೆ ಮೈಸೂರಿನಲ್ಲಿದ್ದವಳು ಅಂದು ಬೆಳಿಗ್ಗೆ ರೈಲು ಹತ್ತಿದೆ. ರೈಲು ಮಂಡ್ಯವನ್ನು ಸರಿಯಾಗಿಯೇ ಬಿಟ್ಟಿತು. ಆಮೇಲೆ ಮದ್ದೂರಿಗೆ ಇನ್ನೇನು ಬಂದೆವೆನ್ನುವಾಗ ಕಬ್ಬಿನ ಗದ್ದೆಗಳ ನಡುವೆ, ಯಾರಿಗೂ ತಿಳಿಯದ ಕಾರಣಕ್ಕೆ, ನಿಂತುಬಿಟ್ಟಿತು. ಜನ ಇಳಿದರು. ಯಾರೋ ಕಬ್ಬು ಮುರಿದರು. ಗದ್ದೆಯ ಯಜಮಾನ ಬೈಯುತ್ತಾ ಬಂದವನು ಹೆಂಗಸರು ಮಕ್ಕಳನ್ನು ಕಂಡು, "ತಿನ್ಕಳಿ, ಗರಿನಾದ್ರೂ ಬದೀಗ್ ಆಕಿ" ಎಂದು ತಾನೇ ಎರಡು ಜಲ್ಲೆ ಮುರಿದುಕೊಟ್ಟ. ನಾನೂ ಸೀರೆಯ ಮೇಲೆ ರಸ ಸುರಿಸಿಕೊಂಡು ತಿಂದೆ. ಅಷ್ಟು ಸಿಹಿಯಾದ ಕಬ್ಬನ್ನು ನಾನು ಆ ಮೊದಲು ತಿಂದಿರಲಿಲ್ಲ. ಅದೇ ಹೊತ್ತಿಗೆ ಮದ್ದೂರಿನಲ್ಲಿ ನನ್ನ ಹಕ್ಕು ಕೈಬಿಟ್ಟುಹೋಗುತ್ತಿತ್ತು.

ನಾನು ತಲುಪಿದಾಗ ಎಲೆ ಹಾಕುತ್ತಿದ್ದರು. ದೊಡ್ಡಪ್ಪ ಹೊಸ ಪಂಚೆಯಲ್ಲಿ ಗೆದ್ದವರಂತೆ ನಿಂತಿದ್ದರು.

"ಬಂದ್ಯಾ ಮಗ? ಮೂರ್ತ ಮೀರೋದು ಕಣವ್ವ. ನಾನೇ ಕಿವೀಲ್ ಏಳ್ಬುಟ್ಟೆ."

"ಏನಂತ ಹೆಸರಿಟ್ಟಿರಿ ದೊಡ್ಡಪ್ಪ?"

ದೊಡ್ಡಪ್ಪ ಬಾಯಿ ತೆರೆದರು. ಮುಚ್ಚಿದರು. ಅಪ್ಪನ ಕಡೆ ನೋಡಿದರು. ಅಪ್ಪ ಪಂಚೆಯ ಅಂಚನ್ನು ನೋಡಿಕೊಂಡರು.

"ಅದೇ ಕಣವ್ವ" ಎಂದರು ದೊಡ್ಡಪ್ಪ ಕೊನೆಗೆ, ತಾರಸಿಯ ಕಡೆ ಬೆರಳೆತ್ತಿ, "ನಮ್ಮಪ್ಪಯ್ಯನ್ದು."

ಈ ಗಳಿಗೆಯನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಹೆಸರಿಟ್ಟವರೇ ಆ ಹೆಸರನ್ನು ಎರಡನೆಯ ಸಲ ಹೇಳಲಾರದೆ ಹೋದರು. ಹೆತ್ತ ತಂದೆಯ ಹೆಸರನ್ನು ಮಗನಾದವನು ಬಾಯಲ್ಲಿ ಹೇಗೆ ಕೂಗಿಯಾನು? ಕಿವಿಯಲ್ಲಿ ಪಿಸುಗುಟ್ಟಿದ್ದು ಶಾಸ್ತ್ರ. ಅಲ್ಲಿಗೆ ಅದು ಮುಗಿಯಿತು. ಇನ್ನು ಮನೆಯ ಹೆಂಗಸರ ಲೆಕ್ಕ ನೋಡಿ. ಅಜ್ಜಿಗೆ ಅದು ಗಂಡನ ಹೆಸರು; ಹೇಳುವಂತಿಲ್ಲ. ಅಮ್ಮನಿಗೆ ಮಾವನ ಹೆಸರು, ಹೇಳುವಂತಿಲ್ಲ. ಅತ್ತಿಗೆಗೆ ಮಾವನ ತಂದೆಯ ಹೆಸರು; ಅವರಂತೂ ಹೇಳುವಂತೆಯೇ ಇಲ್ಲ. ಮೊಮ್ಮಗಳಾದ ನಾನು ಹೇಳಬಹುದು, ಆದರೆ ಅಣ್ಣನ ಮಗನನ್ನು "ಅಳಿಮಯ್ಯ" ಎಂದು ಕರೆಯುವ ಸೋದರತ್ತೆಯ ಸೊಗಸನ್ನು ಯಾರು ಬಿಡುತ್ತಾರೆ? ಉಳಿದವನು ಅಣ್ಣ. ಅವನು ಭಾನುವಾರ ಬರುತ್ತಾನೆ, ಕೋಳಿಸಾರು ಉಣ್ಣುತ್ತಾನೆ, ಮಲಗುತ್ತಾನೆ.

ಹೀಗೆ ಒಂದು ಮಗುವಿಗೆ ಕರೆಯುವುದಕ್ಕೆ ಬಾರದ ಹೆಸರಿಟ್ಟು, ಪಾಯಸ ಉಂಡು, ಎಲ್ಲರೂ ಸಂತೋಷದಿಂದ ಕೈತೊಳೆದೆವು.

ದೀಪಾವಳಿಯಾದ ಮೇಲೆ ತಾಯಿ ಮಗು ಇಬ್ಬರನ್ನೂ ಮಳವಳ್ಳಿಗೆ ಕರೆತಂದೆವು. ಮದ್ದೂರಿನಲ್ಲಿದ್ದಷ್ಟು ದಿನ ಅತ್ತಿಗೆಯ ತಾಯಿ ಮಗುವನ್ನು ಹೆಸರಿಟ್ಟೇ ಕರೆಯುತ್ತಿದ್ದರಂತೆ. ಆದರೆ ಆಗ ಅವನಿಗೆ ಹಾಲು, ನಿದ್ದೆಗಳ ಆಚೆಗೆ ಲೋಕವಿರಲಿಲ್ಲ. ಲೋಕ ಕಾಣತೊಡಗಿದ್ದು ನಮ್ಮ ಮನೆಯಲ್ಲಿ. ಇಲ್ಲಿ ಅವನಿಗೆ ಕೇಳಿಸಿದ್ದು ಏನೆಂದು ಹೇಳುತ್ತೇನೆ.

ಅಜ್ಜಿ ಅವನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಗಂಡನ ಹೆಸರು ಹೊತ್ತು ಬಂದವನನ್ನು "ಲೇ" ಎನ್ನಲು ಅವರ ನಾಲಿಗೆ ಏಳಲಿಲ್ಲ. ಬದುಕಿಡೀ ಅಜ್ಜನನ್ನು ಕರೆದಂತೆಯೇ ತೊಟ್ಟಿಲ ಬಳಿ ಬಂದು ತಲೆಯ ಮೇಲೆ ಸೆರಗೆಳೆದುಕೊಂಡು, "ಏನಂದ್ರೆ…" ಎಂದು ದನಿ ಎಳೆಯುವರು. ಮಗು ಕಾಲು ಬಡಿದು ನಗುವುದು. ಬೆಳಗಿನ ಹೊತ್ತು ಅಡುಗೆಮನೆಯ ಅಜ್ಜಿಗೂ ನಡುಮನೆಯ ಅಮ್ಮನಿಗೂ ಹೀಗೆ ಮಾತು ನಡೆಯುತ್ತಿತ್ತು:

"ಎದ್ದವ್ರಾ?"

"ಎದ್ದವ್ರೆ ಅತ್ತೆ. ಆಲು ಕುಡುದ್ರು."

"ಮತ್ಯಾಕಂಗ್ ಅಳ್ತಾವ್ರೆ?"

"ಉಚ್ಚೆ ಉಯ್ಕಂಡವ್ರೆ."

ಅಮ್ಮನಿಗೆ ಇನ್ನೂ ಫಜೀತಿ. ಮಾವನವರ ಎದುರು ಅವರು ಎಂದೂ ತಲೆಯೆತ್ತಿ ನಿಂತವರಲ್ಲ. ಈಗ ಮಾವನವರ ಹೆಸರಿನವನ ಬಟ್ಟೆ ಬದಲಿಸುವಾಗಲೂ ಮುಖವನ್ನು ಅರ್ಧ ತಿರುಗಿಸಿಕೊಳ್ಳುತ್ತಿದ್ದರು. ಅಜ್ಜಿಗೆ ಮಾತ್ರ ದಿನ ಕಳೆದಂತೆ ಧೈರ್ಯ ಬಂತು. ಒಂದು ಮಧ್ಯಾಹ್ನ ಒದ್ದೆ ಬಟ್ಟೆಗಳ ಬುಟ್ಟಿ ಹಿಡಿದು ತೊಟ್ಟಿಲ ಮುಂದೆ ನಿಂತು ಅವರು ನಡೆಸಿದ ವಿಚಾರಣೆಯನ್ನು ನಾನು ಬಾಗಿಲ ಮರೆಯಿಂದ ಕೇಳಿದೆ.

"ಏನಂದ್ರೆ, ಒಂದ್ ಜನ್ಮ ನಿಮ್ ಬಟ್ಟೆ ಒಗ್ದೆ. ಬಾಯ್ ತಗೀನಿಲ್ಲ. ಈಗ್ಲೂ ನಾನೇ ಒಗೀಬೇಕಾ? ಸಾರ್ಗೆ ಉಪ್ ಕಮ್ಮಿ ಅಂತ ತಣಗೆ ತಳ್ಳುದ್ರಲ್ಲ ಆವತ್ತು, ಗ್ಯಾಪ್ಕ ಅದಾ? ಈಗ್ ತಳ್ಳಿ ನೋಡವಾ!"

ಮಗು ಹಲ್ಲಿಲ್ಲದ ಬಾಯಿ ಅಗಲಿಸಿತು.

"ಕಿಸೀರಿ, ಕಿಸೀರಿ. ಆಗ್ಲೂ ಇಂಗೇ ಕಿಸೀತಿದ್ರಿ" ಎಂದು ಅಜ್ಜಿ ನಕ್ಕರು, ಮರುಕ್ಷಣ ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಆ ಮಧ್ಯಾಹ್ನದ ಸುಖವನ್ನು ಹಾಳುಮಾಡುವ ಉದ್ದೇಶ ನನಗಿಲ್ಲ. ಸತ್ತ ಗಂಡನನ್ನು ತೊಟ್ಟಿಲಿನಲ್ಲಿಟ್ಟು ಬೈಯುವ ಅವಕಾಶ ಎಷ್ಟು ಹೆಂಗಸರಿಗೆ ಸಿಕ್ಕೀತು?

ಆದರೆ ಅತ್ತಿಗೆ ಆಟವಾಡುತ್ತಿರಲಿಲ್ಲ. ಅವರು ಅವನ ತಾಯಿ. ಅವರು "ಮಗೂ" ಎಂದು ಕರೆದರೆ ಬೀದಿಯಲ್ಲಿ ಆಡುವ ಮಕ್ಕಳೆಲ್ಲ ಕತ್ತು ತಿರುಗಿಸುತ್ತಿದ್ದರು, ಅವನೊಬ್ಬನನ್ನು ಬಿಟ್ಟು. ಸಂಜೆ ತೂಗುವಾಗ ಅವರು ಹಾಡುವ ಜೋಗುಳವನ್ನು ನಾನು ಕೇಳಿದ್ದೇನೆ. ಹಾಡಿನಲ್ಲಿ ಮಗುವಿನ ಹೆಸರು ಬರುವ ಜಾಗ ಬಂದಾಗ ಅವರು ತುಟಿ ಬಿಗಿದು, "ಹೂಂ ಹೂಂ ಹೂಂ" ಎಂದು ರಾಗ ಎಳೆದು, ಹಳ್ಳ ದಾಟುವವರಂತೆ ದಾಟಿ, ಆಚೆ ದಡದಲ್ಲಿ ಮತ್ತೆ ಮಾತು ಹಿಡಿಯುತ್ತಿದ್ದರು. ಹೊರಗೆ ಕಂಡಕ್ಟರು ಊರುಗಳ ಹೆಸರನ್ನು ಲೋಕಕ್ಕೆಲ್ಲ ಸಾರುತ್ತಲೇ ಇರುತ್ತಿದ್ದ.

ನಾನು ಅಪ್ಪನನ್ನು ಕೇಳಿದೆ. "ಅತ್ತಿಗೆ ಹೆಸರು ಕರೆದರೆ ಏನಾಗುತ್ತೆ ಅಪ್ಪಾಜಿ?"

"ಏನೂ ಆಗಲ್ಲಮ್ಮ. ರೂಢಿ ಅಂತ ಒಂದಿದೆ."

"ಏನೂ ಆಗದಿದ್ದ ಮೇಲೆ ರೂಢಿ ಯಾಕೆ?"

"ನೀನು ಮೈಸೂರಲ್ಲಿ ಚರ್ಚಾಸ್ಪರ್ಧೇಲಿ ಗೆದ್ದಿದ್ದು ನನಗೆ ಗೊತ್ತು" ಎಂದು ಅಪ್ಪ ಪತ್ರಿಕೆಯನ್ನು ಮುಖಕ್ಕೆ ಹಿಡಿದರು. ಅಣ್ಣನನ್ನು ಕೇಳಿದರೆ, "ಅಮ್ಮನೇ ಹೇಳಲ್ಲ, ಇವಳು ಹೇಗೆ ಹೇಳ್ತಾಳೆ?" ಎಂದು ಮಗ್ಗುಲು ಬದಲಿಸಿದ. ಯಾರೂ ಕ್ರೂರಿಗಳಲ್ಲ. ಎಲ್ಲರೂ ಮಗುವನ್ನು ಎತ್ತಿ ಮುದ್ದಿಸುವವರೇ. ನನ್ನ ದೂರು ಇರುವುದು ಅದಕ್ಕೇ: ಇಷ್ಟು ಒಳ್ಳೆಯವರಾಗಿದ್ದೂ ಅವರು ಒಂದು ಮಾತು ಯೋಚಿಸಲಿಲ್ಲ.

ಸಂಕ್ರಾಂತಿಗೆ ಎಲ್ಲರೂ ಹಳ್ಳಿಗೆ ಹೋದೆವು. ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಹೊತ್ತಿಳಿಯುವಾಗ ಊರ ಮುಂದೆ ಕಿಚ್ಚು ಹಾಯಿಸುವುದಕ್ಕೆ ಹುಲ್ಲು ಹಾಸಿದ್ದರು. ಹುಲ್ಲಿಗೆ ಬೆಂಕಿ ಇಟ್ಟೊಡನೆ ಊರಿನ ಎತ್ತುಗಳೆಲ್ಲ ಗೆಜ್ಜೆ ಕುಣಿಸುತ್ತಾ ಜ್ವಾಲೆಯ ಮೇಲೆ ಹಾರಿದವು. ದೊಡ್ಡಪ್ಪ ತಮ್ಮ ಎತ್ತುಗಳ ಹೆಸರು ಹಿಡಿದು ಕೂಗಿದರು, ಅವರ ಸೊಸೆಯಂದಿರು ಕೂಗಿದರು, ಆಳುಗಳು ಕೂಗಿದರು. ಒಂದು ಎತ್ತು ಬೆಂಕಿ ಕಂಡು ಹಿಂಜರಿದಾಗ ಜಗಲಿಯ ಮೇಲಿದ್ದ ಅಜ್ಜಿಯೇ ಎದ್ದುನಿಂತು ಅದರ ಹೆಸರು ಹಿಡಿದು ಗದರಿದರು. ಅದು ಕಿವಿ ನಿಮಿರಿಸಿ, ಒಂದೇ ನೆಗೆತಕ್ಕೆ ದಾಟಿತು. ಜನ ಕೇಕೆ ಹಾಕಿದರು. ನಾನೂ ಹಾಕಿದೆ.

ಅತ್ತಿಗೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದರು. ಬೆಂಕಿಯ ಬೆಳಕು ಅವರ ಮೂಗುಬೊಟ್ಟಿನ ಮೇಲೆ ಆಡುತ್ತಿತ್ತು.

"ನೋಡಿದ್ರಾ ಅಮ್ಮಣ್ಣಿ" ಎಂದರು ನಗುತ್ತಲೇ, "ಎತ್ತಿಗೂ ಕೂಗೋಕೆ ಒಂದು ಹೆಸ್ರದೆ."

ನಾನು ಅವರ ಮುಖ ನೋಡಿದೆ.

"ಇಟ್ಟಿರೋ ಹೆಸ್ರು ಚೆನ್ನಾಗೇ ಅದೆ. ಬೇರೆ ಬೇಡ ನಂಗೆ. ಕರೆಯೋಕ್ ಕೊಡ್ಲಿ, ಅಷ್ಟೇಯ."

ಈ ತಿಂಗಳುಗಳಲ್ಲಿ ಅವರು ಕೇಳಿದ್ದು ಇದೊಂದನ್ನೇ.

ಮದುವೆ ಬಂದದ್ದು ಅದರ ಮುಂದಿನ ತಿಂಗಳು. ಮಂಡ್ಯದ ಹುಡುಗಿಯನ್ನು ದೊಡ್ಡಪ್ಪನ ಮಗ ಕೈಹಿಡಿದು ಹಳ್ಳಿಯ ಮನೆಗೆ ಕರೆತಂದ. ಮದುಮಕ್ಕಳು ಹೊಸ್ತಿಲ ಬಳಿ ಬಂದಾಗ ಗಂಡಿನ ತಂಗಿಯಾದವಳು ಬಾಗಿಲಿಗೆ ಅಡ್ಡ ನಿಂತು, ಒಬ್ಬರ ಹೆಸರನ್ನು ಒಬ್ಬರ ಬಾಯಲ್ಲಿ ಹೇಳಿಸಿಯೇ ಒಳಗೆ ಬಿಡಬೇಕು. ಇದು ನಮ್ಮಲ್ಲಿ ಬಾಗಿಲು ತಡೆಯುವ ಶಾಸ್ತ್ರ. ಬದುಕಿಡೀ ಹೇಳಬಾರದ ಗಂಡನ ಹೆಸರನ್ನು ಹೆಣ್ಣು ಅಲ್ಲಿ, ಹೊಸ್ತಿಲಿನ ಆಚೆ ನಿಂತು, ಒಂದು ಒಡಪಿನೊಳಗೆ ಹೆಣೆದು ಹೇಳಬಹುದು. ಅಣ್ಣತಮ್ಮಂದಿರ ಮಕ್ಕಳಲ್ಲಿ ಹೆಣ್ಣು ನಾನೊಬ್ಬಳೇ. ಆದ್ದರಿಂದ ಬಾಗಿಲಚೌಕಟ್ಟಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತೆ.

ಹುಡುಗ ಒಂದೇ ಉಸಿರಿಗೆ ಹೆಂಡತಿಯ ಹೆಸರು ಹೇಳಿ ಮುಗಿಸಿದ. ಹುಡುಗಿ ತಲೆ ತಗ್ಗಿಸಿದಳು. ನಾವೆಲ್ಲ ನಾಚಿಕೆಯೆಂದುಕೊಂಡರೆ ಅವಳು ಒಡಪು ಜೋಡಿಸುತ್ತಿದ್ದಳು.

"ಸಕ್ರೆ ಫ್ಯಾಕ್ಟ್ರಿ ಸೈರನ್ ಕೂಗುದ್ರೆ ಮಂಡ್ಯವೆಲ್ಲ ಏಳ್ತದೆ, ಇವ್ರು ಕೂಗುದ್ರೆ ನಾನೊಬ್ಳೇ ಏಳೋದು" ಎಂದು ಕೊನೆಗೆ ಹೆಸರನ್ನು ಥಟ್ಟನೆ ಕೂಡಿಸಿದಳು. ಮನೆ ಬಿದ್ದುಹೋಗುವಂತೆ ನಗು.

"ಕೇಳ್ನಿಲ್ಲ ಕಣವ್ವ, ಇನ್ನೊಂದ್ಸಾರಿ ಏಳು!" ಎಂದು ಎಲ್ಲರಿಗಿಂತ ಮುಂದೆ ಕೂಗಿದವರು ಅಜ್ಜಿ. ಅವರ ಕಣ್ಣಿನಲ್ಲಿದ್ದುದು ತಮಾಷೆಯೊಂದೇ ಅಲ್ಲವೆಂದು ನನಗೆ ಅನಿಸಿತು. ಬಾಯಿ ಮುಚ್ಚಿಸುವ ಪದ್ಧತಿಯೇ ಬಾಯಿ ತೆರೆಯಲು ಒಂದು ಬಾಗಿಲನ್ನೂ ಇಟ್ಟಿದೆಯಲ್ಲ ಎಂದುಕೊಂಡೆ. ಆ ಯೋಚನೆ ಮುಂದೆ ನನ್ನ ಕೆಲಸಕ್ಕೆ ಬಂತು.

ಇತ್ತ ಓಲಗದವರು ಅಂಗಳದಲ್ಲಿ ಡೋಲು ಸೀಳಿಹೋಗುವಂತೆ ಬಾರಿಸುತ್ತಿದ್ದರು, ನಮ್ಮ ಮಗು ಅತ್ತಿಗೆಯ ಹೆಗಲ ಮೇಲೆ ಗಾಢವಾಗಿ ನಿದ್ದೆಮಾಡುತ್ತಿತ್ತು. ದೊಡ್ಡಪ್ಪ ಅದನ್ನು ಗಮನಿಸಿದರು. ಮರುದಿನ ಬೀಗರೂಟ. ಮುದ್ದೆ, ಮಟನ್ ಸಾರು, ಸಾಲು ಸಾಲು ಜನ. ಮಗು ಚಾಪೆಯ ಮೇಲೆ ಕುಳಿತು ಮರದ ಚಮಚ ಬಡಿಯುತ್ತಿತ್ತು. ಎದುರು ಪಂಕ್ತಿಯಲ್ಲಿದ್ದ ಅಣ್ಣ, ಬೀಗರಿಗೆ ಮಗನನ್ನು ತೋರಿಸುವ ಉತ್ಸಾಹದಲ್ಲಿ, ಅವನ ಹೆಸರು ಹಿಡಿದು ಕರೆದ. ಮಗು ತಿರುಗಲಿಲ್ಲ. ಮತ್ತೆ ಕರೆದ. ಚಮಚ ಬಡಿಯುವುದು ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದ. ಪಂಕ್ತಿಯವರೆಲ್ಲ ಮಗುವಿನ ಕಡೆ ತಿರುಗಿದರು.

"ನಾನ್ ನೆನ್ನೆನೇ ನೋಡ್ದೆ ಕಣ್ಲಾ" ಎಂದರು ದೊಡ್ಡಪ್ಪ, ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಕೆಳಗಿಟ್ಟು. "ಡೋಲ್ಗೂ ಎಚ್ರಾಗ್ನಿಲ್ಲ. ಅಪ್ಪಯ್ಯನ್ ಕಿವಿ ಮಂದ ಅದೆ."

ಬಡಿಸುತ್ತಿದ್ದ ಅತ್ತಿಗೆಯ ಕೈಯ ಸೌಟು ನಿಂತಿತು.

"ಇಲ್ಲ ದೊಡ್ಡಮಾವ. ಪಾತ್ರೆ ಬಿದ್ರೆ ಬೆಚ್ಚಿಬೀಳ್ತಾನೆ."

"ಸದ್ದು ಕೇಳುದ್ರೆ ಸಾಕೇನವ್ವ? ಮಾತ್ ಕೇಳ್ಬೇಕಲ್ಲ."

ಆ ಮಾತು ಅತ್ತಿಗೆಯ ಎದೆಯಲ್ಲಿ ಕೂತುಬಿಟ್ಟಿತು. ಮಳವಳ್ಳಿಗೆ ಬಂದ ಮೇಲೆ ಅವರು ಅನ್ನ ಕಲಸುವರು, ತಿನ್ನರು. ಮಗುವಿನ ಹಿಂದೆ ನಿಂತು ಚಿಟಿಕೆ ಹೊಡೆಯುವರು, ಬಳೆ ಆಡಿಸುವರು. ತಿರುಗಿದರೆ, ಗಾಳಿಗೆ ತಿರುಗಿತೇನೋ ಎಂದು ಅಳುವರು. ಅದನ್ನು ನೋಡಲಾರದೆ ಅಣ್ಣ ಒಂದು ದಿನ ರಜೆ ಹಾಕಿದ. ಅವನು, ಅಮ್ಮ, ಅತ್ತಿಗೆ, ನಾನು ಹೊರಟೆವು. "ಅವ್ರುನ್ ಬುಟ್ಟು ನಾನಿರಾಕಿಲ್ಲ" ಎಂದು ಅಜ್ಜಿಯೂ ಸೀರೆ ಬದಲಿಸಿಕೊಂಡು ಬಂದರು. ಮದ್ದೂರಿನ ಮೇಲೆ ಹಾದು ಮಂಡ್ಯಕ್ಕೆ ಹೋಗುವ ಬಸ್ಸು. ಮದ್ದೂರು ಬಂದಾಗ ಅತ್ತಿಗೆ ತವರಿನ ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣೆಲ್ಲ ಮಗುವಿನ ಕಿವಿಯ ಮೇಲಿತ್ತು.

ವೈದ್ಯರು ನಡುವಯಸ್ಸಿನವರು, ತಮಾಷೆಯ ಮನುಷ್ಯ. ಮಗುವನ್ನು ಮೇಜಿನ ಮೇಲೆ ಕೂರಿಸಿ, ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಹಿಂದಿನಿಂದ ಗಂಟೆ ಬಾರಿಸಿದರು, ಮಗು ತಿರುಗಿತು. ಕಾಗದ ಪರಪರ ಎನ್ನಿಸಿದರು, ತಿರುಗಿತು. ಅಣ್ಣನಿಂದ ಹೆಸರು ಕೇಳಿಕೊಂಡು ಕರೆದರು. ಮಗು ಅವರ ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಾ ಕುಳಿತಿತು.

"ಮನೇಲಿ ಇದೇ ಹೆಸರಲ್ಲಿ ಕರೀತೀರಾ?"

ಅಣ್ಣ, "ನಾನು ಕರೀತೀನಿ, ಭಾನುವಾರ" ಎಂದ.

"ಮಿಕ್ಕ ದಿನ? ನೀವೇನಂತ ಕರೀತೀರಮ್ಮ?" ವೈದ್ಯರು ಅತ್ತಿಗೆಯ ಕಡೆ ತಿರುಗಿದರು.

"ನಾನು… ಹೆಸ್ರೇನೂ ಕರೆಯಲ್ಲ ಸಾರ್."

"ಏನೂ ಇಲ್ವಾ?" ಅವರು ಅಮ್ಮನ ಕಡೆ ನೋಡಿದರು.

"ಮಾವನವರ ಹೆಸ್ರು ಸಾರ್" ಎಂದು ಅಮ್ಮ ಸೆರಗು ಸರಿಮಾಡಿಕೊಂಡರು.

ವೈದ್ಯರು ಅಜ್ಜಿಯ ಕಡೆ ನೋಡುವ ಮೊದಲೇ ಅಜ್ಜಿ, "ನಮ್ಮನೇವ್ರುದು, ಬುದ್ಧಿ" ಎಂದುಬಿಟ್ಟರು.

ವೈದ್ಯರಿಗೆ ಈಗ ಅರ್ಥವಾಗತೊಡಗಿತು. ತುಟಿಯಂಚಿನಲ್ಲಿ ನಗು ತಡೆದುಕೊಂಡು, "ಅಜ್ಜಿ, ಮನೇಲಿ ನೀವು ದಿನಾ ಹೇಗೆ ಮಾತಾಡಿಸ್ತೀರೋ ಹಾಗೇ ಮಾತಾಡಿಸಿ" ಎಂದರು.

"ಇಲ್ಲೇಯಾ? ಇವ್ರೆಲ್ಲರ್ ಮುಂದ್ಕೇಯಾ?"

"ಇಲ್ಲೇ."

ಅಜ್ಜಿ ಬಾಗಿಲ ಬಳಿಗೆ ಸರಿದು, ಮಗುವಿನ ಬೆನ್ನ ಹಿಂದೆ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು, ಹೊಸ ಸೊಸೆಯ ದನಿಯಲ್ಲಿ ಮೆಲ್ಲನೆ, "ಏನಂದ್ರೆ…" ಎಂದರು.

ಮಗು ಇಡೀ ಮೈ ತಿರುಗಿಸಿತು. ಎರಡೂ ಕೈ ಚಾಚಿ, ಜೊಲ್ಲು ಸುರಿಸುತ್ತಾ, ಗಟ್ಟಿಯಾಗಿ ನಕ್ಕಿತು.

ವೈದ್ಯರು ನಕ್ಕ ಸದ್ದಿಗೆ ಪಕ್ಕದ ಕೋಣೆಯ ನರ್ಸಮ್ಮ ಓಡಿಬಂದರು. "ನಿಮ್ಮ ಮಗನ ಕಿವಿ ನನ್ನ ಕಿವಿಗಿಂತ ಚುರುಕಾಗಿದೆ ಕಣಮ್ಮ" ಎಂದರು ಅವರು ಅತ್ತಿಗೆಗೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. "ಅವನು ತನ್ನ ಹೆಸರು 'ಏನಂದ್ರೆ' ಅಂತ ತಿಳ್ಕೊಂಡಿದಾನೆ. ಔಷಧಿ ಅವನ ಕಿವಿಗಲ್ಲ, ನಿಮ್ಮ ಬಾಯಿಗಳಿಗೆ ಬೇಕು."

ಅತ್ತಿಗೆ ಮಗುವನ್ನು ಎದೆಗವಚಿಕೊಂಡು ಅತ್ತರು, ನಕ್ಕರು, ಬಿಕ್ಕಳಿಸಿದರು. ಹೊರಗೆ ಬಂದು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎಲ್ಲರೂ ಮಸಾಲೆದೋಸೆ ತಿಂದೆವು. ಅತ್ತಿಗೆ ತಮ್ಮದನ್ನು ಮುಗಿಸಿ ನನ್ನ ತಟ್ಟೆಗೂ ಕೈಹಾಕಿದರು. ಅಜ್ಜಿ ಪಲ್ಯವನ್ನು ಬದಿಗೆ ಸರಿಸಿ ದೋಸೆ ತಿನ್ನುತ್ತಾ, "ಕಿವಿ ಕೇಳ್ದೆ ಏನ್ ಬಂತು? ಆವಾಗ್ಲೂ ಬೇಕಾದ್ದು ಮಾತ್ರ ಕೇಳುಸ್ಕತಿದ್ರು" ಎಂದರು.

ಮಳವಳ್ಳಿಯಲ್ಲಿ ಇಳಿದಾಗ ಹೊತ್ತು ಇಳಿದಿತ್ತು. ಸುದ್ದಿ ಕೇಳಲು ಹಳ್ಳಿಯಿಂದ ಬಂದಿದ್ದ ದೊಡ್ಡಪ್ಪ, ಶಾಲೆಯಿಂದ ಬಂದಿದ್ದ ಅಪ್ಪ, ಇಬ್ಬರೂ ನಡುಮನೆಯಲ್ಲಿ ಕುಳಿತಿದ್ದರು. ನಾನು ಎಲ್ಲರಿಗಿಂತ ಮುಂದೆ ಓಡಿ, ಒಳಗೆ ಹೊಕ್ಕು, ತಿರುಗಿ ನಿಂತು, ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟೆ.

"ಹೆಸರು ಹೇಳಿ ಒಳಗೆ ಬನ್ನಿ."

"ಇದ್ಯಾವ್ ಸಾಸ್ತ್ರವ್ವ?" ಎಂದರು ದೊಡ್ಡಪ್ಪ ನನ್ನ ಬೆನ್ನ ಹಿಂದೆ.

"ಬಾಗಿಲು ತಡೆಯೋ ಶಾಸ್ತ್ರ. ನನ್ನ ಹಕ್ಕು. ತೊಟ್ಟಿಲಲ್ಲಿ ನೀವು ಕಿತ್ತುಕೊಂಡದ್ದನ್ನ ಇಲ್ಲಿ ವಸೂಲು ಮಾಡ್ತಿದೀನಿ."

ಅಮ್ಮ ಗಾಬರಿಯಾದರು. ಅಣ್ಣ, "ಸುಮ್ನಿರೇ, ಬೀದಿಯವರು ನೋಡ್ತಾರೆ" ಎಂದ. ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮುಂದೆ ಬಂದರು. ಒಡಪು ಅವರ ಬಳಿ ಎಷ್ಟು ಕಾಲದಿಂದ ಸಿದ್ಧವಾಗಿತ್ತೋ ನಾನರಿಯೆ.

"ಕಬ್ಬಿನ್ ಗದ್ದೇಗ್ ನೀರ್ ಕಟ್ಟೋರು, ಕ್ವಾಪ ಬಂದ್ರೆ ಕಂಬ್ಳಿ ವ್ವದ್ಕಳೋರು, ವೋದೋರು ವೋದ್ರು ಅಂತ ಅತ್ಕಂಡ್ ಕುಂತಿದ್ರೆ, ಅಲ್ಲಿಲ್ದೆ ತಿರ್ಗಿ ಬಂದು ನನ್ ತೊಡೆ ಒದ್ದೆ ಮಾಡೋರು…"

ಆ ಮೇಲೆ ಹೆಸರು. ಸ್ಪಷ್ಟವಾಗಿ, ಪೂರ್ತಿಯಾಗಿ, ಒಂದಕ್ಷರವೂ ನುಂಗದೆ. ಒಳಗೆ ದೊಡ್ಡಪ್ಪ ಎದ್ದು ನಿಂತರು. ತಾಯಿಯ ಬಾಯಲ್ಲಿ ತಂದೆಯ ಹೆಸರನ್ನು ಅವರು ತಮ್ಮ ಬದುಕಿನಲ್ಲಿ ಮೊದಲ ಸಲ ಕೇಳಿದ್ದು. ಅಮ್ಮ ಕಣ್ಣು ಮುಚ್ಚಿಕೊಂಡು, ಒಡಪಿಲ್ಲದೆ, ತಪ್ಪು ಮಾಡಿದವರಂತೆ ಅದನ್ನು ಪಿಸುಗುಟ್ಟಿದರು. ಕೊನೆಗೆ ಅತ್ತಿಗೆ. ಅವರು ಒಡಪು ಕಟ್ಟಲಿಲ್ಲ. ಜೋಗುಳದ ಆ ಒಂದು ಸಾಲನ್ನು ಹಾಡಿದರು. "ಹೂಂ ಹೂಂ" ಇದ್ದ ಜಾಗದಲ್ಲಿ ಈಗ ಹೆಸರಿತ್ತು. ಮಗು ಅವರ ಬಾಯನ್ನೇ ನೋಡಿತು, ಆ ಬಾಯಿಂದ ಹೊಸದೇನೋ ಉದುರಿತೆಂಬಂತೆ ತುಟಿಗೆ ಕೈಹಾಕಿತು. ಹೆಸರಿಗೆ ಹಾಗೆ ಮಾಡಿತೋ ದನಿಗೆ ಮಾಡಿತೋ, ನಾನು ವಾದಿಸುವುದಿಲ್ಲ. ಕೈ ತೆಗೆದು ದಾರಿ ಬಿಟ್ಟೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಒಳಗೆ ಬಂದು ನೀರು ಕುಡಿದ ಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಆಯ್ತಲ್ಲ. ಸಾಸ್ತ್ರ ಬಾಗ್ಲಾಚೇದು. ಒಳಕ್ ಬಂದ್‌ಮ್ಯಾಕೆ ಮಾಮೂಲು."

"ಯೋಚನೆ ಮಾಡೋಣ" ಎಂದರು ಅಪ್ಪ. ಇನ್ನೂ ಮಾಡುತ್ತಿದ್ದಾರೆ.

ಅಂದಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದು. ಬೆಳಗೊಮ್ಮೆ ಸಂಜೆಯೊಮ್ಮೆ ಅತ್ತಿಗೆ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಜಗಲಿಗೆ ಹೋಗುತ್ತಾರೆ. ಅಲ್ಲಿ ಹೆಸರಿಟ್ಟು ಕರೆಯುತ್ತಾರೆ. ಬಾಯಿತುಂಬ, ಸಾಕಾಗುವಷ್ಟು ಸಲ. ಮಗು ಈಗ ತಿರುಗುತ್ತದೆ, ನಗುತ್ತದೆ, ಉತ್ತರವಾಗಿ ಏನೋ ಕೂಗುತ್ತದೆ. ಕರೆದಾದ ಮೇಲೆ ಒಳಗೆ ಬರುತ್ತಾರೆ. ಒಳಗೆ ಅವನು ಮತ್ತೆ "ಏನಂದ್ರೆ". ಮಗುವಿಗೆ ಗಾಳಿ ಸೇವನೆಯ ಚಟವೆಂದು ಎದುರುಮನೆಯವರು ತಿಳಿದಿದ್ದಾರೆ. ಅಜ್ಜಿಯೂ ಅಡುಗೆಮನೆಯಿಂದ ಕೈಯೊರೆಸಿಕೊಂಡು ಬಂದು, "ತಗಾ, ನಂಗೂ ಒಂದ್ಸಾರಿ ಕರೆಯಾಕ್ ಕೊಡು" ಎಂದು ಹೊರಗೆ ಎತ್ತಿಕೊಂಡು ಹೋಗುತ್ತಾರೆ. ಮೊನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆಯಿತು. ಅತ್ತಿಗೆ ಮಗುವಿನೊಂದಿಗೆ ಬಾಗಿಲಲ್ಲಿ ನಿಂತರು, ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ, ಕರೆಯಲೋ ಬೇಡವೋ ಎಂದು ನಮ್ಮನ್ನು ನೋಡುತ್ತಾ.

"ಒಂದ್ ಕಾಲ್ ಆಚ್ಗಿದ್ರೆ ಸಾಕು ಬುಡು" ಎಂದು ಅಜ್ಜಿ ತೀರ್ಪಿತ್ತರು. "ಕರಿ ಕಣವ್ವ."

ಅತ್ತಿಗೆ ಕರೆದರು. ಮಳೆಯ ಸದ್ದಿಗೆ ಸೋಲದಂತೆ ಗಟ್ಟಿಯಾಗಿ ಕರೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಳಗಿನ ಕಾಲನ್ನು ನೋಡಿದಾಗ ಮಾತ್ರ ನನಗೆ ನಗು ಬರಲಿಲ್ಲ.

ಆದ್ದರಿಂದ ಈ ಬರಹದ ಮೂಲಕ ನಮ್ಮ ಮನೆಯ ಹಿರಿಯರಲ್ಲಿ ವಿನಯಪೂರ್ವಕವಾಗಿಯೂ ದೃಢವಾಗಿಯೂ ಕೋರುವುದೇನೆಂದರೆ: ಬರುವ ಯುಗಾದಿಯಂದು, ಎಲೆಗೆ ಒಬ್ಬಟ್ಟು ಬೀಳುವ ಮುನ್ನ, ದೊಡ್ಡಪ್ಪನವರು ನಡುಮನೆಯಲ್ಲಿ ಎಲ್ಲರ ಎದುರು ನಿಂತು, ತಾವೇ ಇಟ್ಟ ಹೆಸರಿನಿಂದ ಮಗುವನ್ನು ಕರೆಯಬೇಕು, ಅಪ್ಪನೂ ಕರೆಯಬೇಕು, ಅಂದಿನಿಂದ ಅಜ್ಜಿ, ಅಮ್ಮ, ಅತ್ತಿಗೆಯರ ನಾಲಿಗೆಯ ಮೇಲಿನ ತಡೆ ಈ ಹೆಸರಿನ ಮಟ್ಟಿಗಾದರೂ ತೊಲಗಿತೆಂದು ಸಾರಬೇಕು. ಅಣ್ಣ ಭಾನುವಾರ ಮಲಗುವ ಮುನ್ನ ಇದಕ್ಕೆ ಸಾಕ್ಷಿಯಾಗಬೇಕು. ಸಾಧ್ಯವಿಲ್ಲವೆಂದಾದರೆ ಕಾರಣವನ್ನು ತಿಳಿಸಬೇಕು. "ರೂಢಿ" ಎಂಬ ಒಂದು ಪದವನ್ನು ಕಾರಣವೆಂದು ಸ್ವೀಕರಿಸಲಾಗುವುದಿಲ್ಲ. "ಯೋಚನೆ ಮಾಡೋಣ" ಎಂಬುದನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ.

ಉತ್ತರವನ್ನು ನನಗೆ ಕೊಡುವ ಅಗತ್ಯವಿಲ್ಲ. ಮಗುವಿನ ತಾಯಿಗೆ ಕೊಡಿ. ಬೆಳಗ್ಗೆಯೂ ಸಂಜೆಯೂ ಅವರು ಹೊಸ್ತಿಲ ಬಳಿ ಸಿಗುತ್ತಾರೆ.